ಮಾವನ ಬಾಯಿಗೆ ಯಾವ ಪ್ಯಾಕೇಜು

ಮಾತು ನಿಂತ ಮೇಲೂ ನನ್ನ ಮಾವ ಬೈಯುವುದನ್ನು ನಿಲ್ಲಿಸಿರಲಿಲ್ಲ. ನರಗಳ ಕಾಯಿಲೆ ಮೊದಲು ಅವರ ಕೈಕಾಲು ತಿಂದಿತು, ಆಮೇಲೆ ನಾಲಿಗೆ, ಕೊನೆಗೆ ಕುತ್ತಿಗೆ. ಉಳಿದದ್ದು ಎರಡು ಕಣ್ಣು ಮತ್ತು ಬಲಗೆನ್ನೆಯ ಒಂದು ಸ್ನಾಯು. ಆ ಒಂದು ಸ್ನಾಯುವಿನಿಂದಲೇ ಅವರು ಇಡೀ ಮನೆಯನ್ನು ಆಳುತ್ತಿದ್ದರು.

ಮಂಚದ ಮೇಲೆ ಕಬ್ಬಿಣದ ತೋಳಿಗೆ ಸಿಕ್ಕಿಸಿದ ಲ್ಯಾಪ್‌ಟಾಪು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತ ಹೋಗುತ್ತವೆ. ಬೇಕಾದ ಅಕ್ಷರ ಬೆಳಗಿದಾಗ ಮಾವ ಕೆನ್ನೆ ಅದುರಿಸಬೇಕು. ಅಲ್ಲಿ ಅಂಟಿಸಿದ, ಅಂಗಿಯ ಗುಂಡಿಯಷ್ಟಗಲದ ಸೆನ್ಸರು ಅದನ್ನು ಹಿಡಿದು ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಅಕ್ಷರ ಸೇರಿ ಪದ, ಪದ ಸೇರಿ ವಾಕ್ಯ, ಕೊನೆಗೆ ಸ್ಪೀಕರು ಅದನ್ನು ಓದಿ ಹೇಳುತ್ತದೆ. ನಮ್ಮ ಭಾಷೆಗೆಂದು ಆ ತಂತ್ರಾಂಶದಲ್ಲಿದ್ದದ್ದು ಒಂದೇ ದನಿ, ಅದೂ ಎಳೆಯ ಹೆಣ್ಣುಮಗಳದು. ನೀವು ಕರೆ ಮಾಡಿದ ಚಂದಾದಾರರು ಬೇರೆ ಕರೆಯಲ್ಲಿದ್ದಾರೆ ಎಂದು ಫೋನಿನಲ್ಲಿ ಹೇಳುತ್ತಾಳಲ್ಲ, ಅಂಥ ಜೇನಿನ ದನಿ. ಬೆಳಗಾದರೆ ಸಾಕು, ಹೊರಕೋಣೆಯಿಂದ ಆ ಜೇನು ಸುರಿಯುತ್ತಿತ್ತು: "ಡಬ್ಬಿ ಎದ್ದನಾ, ಇಲ್ಲ ಹೆಂಡತಿ ದುಡಿದು ತರಲಿ ಅಂತ ಬಿದ್ದುಕೊಂಡಿದ್ದಾನಾ?"

ಡಬ್ಬಿ ಅಂದರೆ ನಾನು, ಆ ಮನೆಯ ಮನೆಯಳಿಯ. ಊರಿನ ಕೆಲವು ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲವೂ ವಿಂಡೋಸಿನ ಬದಲು ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯ ಮೇಲೆ ಓಡುವಂಥವು. ಪರಂಗಿ ಔಷಧಿಯಂತೆ ಸೀಲು ಮಾಡಿದ, ಒಂದರ ಗಾಳಿ ಇನ್ನೊಂದಕ್ಕೆ ಸೋಕದ ಫ್ಲಾಟ್‌ಪ್ಯಾಕ್ ರೂಪದಲ್ಲೇ ಯಾವ ತಂತ್ರಾಂಶವನ್ನಾದರೂ ಹಾಕಬೇಕು ಎನ್ನುವುದು ನನ್ನ ಪಂಥ. ಅದನ್ನು ಊಟದ ಹೊತ್ತಿನಲ್ಲಿ ಡಬ್ಬಿ ಡಬ್ಬಿ ಎನ್ನುತ್ತಾ ಹೆಂಡತಿಗೆ ವಿವರಿಸುತ್ತಿದ್ದೆ. ಮಾವನ ನಾಲಿಗೆ ಆಗಿನ್ನೂ ಆಡುತ್ತಿತ್ತು. ಅವತ್ತೇ ನನಗೆ ನಾಮಕರಣವಾಯಿತು.

ನನ್ನ ಹೆಂಡತಿಯದು ಎದುರು ಪಂಥ. ಹಗಲಿಗೆ ವಿಮಾ ಕಚೇರಿಯಲ್ಲಿ ನೌಕರಿ. ಉಳಿದ ಹೊತ್ತಿನಲ್ಲಿ ನಾವು ಬಳಸುವ ಲಿನಕ್ಸ್ ವಿತರಣೆಗೆ ಪ್ಯಾಕೇಜು ಕಟ್ಟಿಕೊಡುವ, ಅಂದರೆ ತಂತ್ರಾಂಶಗಳನ್ನು ಹಾಕಿಕೊಳ್ಳಲು ತಯಾರಾಗಿ ಮೂಟೆ ಕಟ್ಟಿಡುವ ಸ್ವಯಂಸೇವಕಿ. ತಂತ್ರಾಂಶಗಳೆಲ್ಲ ಒಟ್ಟು ಕುಟುಂಬದ ಸೊಸೆಯರ ಹಾಗೆ ಒಂದೇ ಅಡುಗೆಮನೆ ಹಂಚಿಕೊಂಡು, ಲೈಬ್ರರಿ ಎನ್ನುವ ಸಿದ್ಧ ಕೋಡಿನ ಉಗ್ರಾಣವೊಂದನ್ನೇ ಎಲ್ಲರೂ ಬಳಸಿಕೊಂಡು ಬಾಳಬೇಕು ಎನ್ನುವವಳು ಅವಳು. ಅದು ಡೆಬ್ ಪ್ಯಾಕೇಜಿನ ದಾರಿ. ನನ್ನ ದಾರಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಮನೆ, ಬೇರೆ ಒಲೆ. ನಾವಿಬ್ಬರೂ ಪರಿಚಯವಾದದ್ದೇ ಈ ಜಗಳದಲ್ಲಿ, ಮದುವೆಯಾದದ್ದು ಅದನ್ನು ಒಂದೇ ಸೂರಿನಡಿ ಮುಂದುವರಿಸುವುದಕ್ಕೆ. ಇಬ್ಬರೇ ಇದ್ದಾಗ ಒಬ್ಬರಿಗೊಬ್ಬರು ನೀನು ಎಂದೇ ಮಾತಾಡುತ್ತಿದ್ದೆವು. ಅವಳಪ್ಪನ ಎದುರಿಗೆ ಮಾತ್ರ ನಾನು 'ಇವರು' ಆಗುತ್ತಿದ್ದೆ.

ಮಾವ ಡ್ರೈವಿಂಗ್ ಸ್ಕೂಲು ನಡೆಸಿದವರು. ಕಲಿಸುವ ಕಾರಿನಲ್ಲಿ ಮೇಷ್ಟರ ಕಾಲ ಬುಡದಲ್ಲೂ ಒಂದು ಬ್ರೇಕು ಇರುತ್ತದೆ. ಅವರು ಆ ಬ್ರೇಕಿನಿಂದ ಕಾಲೆತ್ತಿದ್ದನ್ನು ಕಂಡ ಶಿಷ್ಯರಿಲ್ಲ. ಮನೆಯಲ್ಲೂ ಅಷ್ಟೇ. ಅತ್ತೆ ತಂಗಿಯ ಮನೆಗೆ ಹೊರಟರೆ ಬ್ರೇಕು, ಕಿಟಕಿಗೆ ಹೊಸ ಪರದೆ ಹಾಕಬೇಕೆಂದರೆ ಬ್ರೇಕು, ಹಾಡು ಗುನುಗಿದರೆ ಬ್ರೇಕು. ಮಗಳ ವಿಷಯದಲ್ಲಿ ಮಾತ್ರ ಕಾಲು ಹಿಂದಕ್ಕೆಳೆದು ಕೂತಿದ್ದರು. ಅವಳಿಗೆ ಒಂದು ಕೆಟ್ಟ ಮಾತು ಆಡಿದ್ದು ಯಾರಿಗೂ ನೆನಪಿಲ್ಲ. ಅವಳ ಪಾಲಿನದ್ದನ್ನೂ ಸೇರಿಸಿ ಅತ್ತೆಗೆ ಬಡಿಸುತ್ತಿದ್ದರು.

ಮೂಗಿನ ಕೊಳವೆಯಲ್ಲಿ ಊಟ ಇಳಿಯುವ ಕಾಲ ಬಂದ ಮೇಲೂ ಅಡುಗೆಯಲ್ಲಿ ಐಬು ಹುಡುಕುವುದು ತಪ್ಪಲಿಲ್ಲ, ವಾಸನೆಯಲ್ಲೇ ಹುಡುಕುತ್ತಿದ್ದರು. ಆ ತಂತ್ರಾಂಶಕ್ಕೆ ಬಳಸುವವರ ಮಾತಿನ ಚಾಳಿ ಕಲಿತು ಮುಂದಿನ ಪದವನ್ನು ತಾನೇ ಊಹಿಸುವ ಜಾಣತನವಿತ್ತು. ವರ್ಷ ತುಂಬುವುದರೊಳಗೆ ಅದು ಮಾವನನ್ನು ಎಷ್ಟು ಚೆನ್ನಾಗಿ ಕಲಿತಿತ್ತೆಂದರೆ 'ನಿನ್ನ' ಎಂದರೆ ಸಾಕು, 'ಯೋಗ್ಯತೆಗೆ' ಎಂದು ತಾನಾಗಿ ಮುಂದಿಡುತ್ತಿತ್ತು. 'ಅಡುಗೆ' ಎಂದರೆ 'ಸೀದಿದೆ'. ಹಗಲು ಹೊತ್ತು ನೋಡಿಕೊಳ್ಳಲು ಬರುತ್ತಿದ್ದ ಸಿಸ್ಟರ್‌ಗೆ 'ಎಮ್ಮೆ' ಎಂಬ ಪದ ಮೊದಲ ಅಕ್ಷರಕ್ಕೇ ಸಿದ್ಧವಾಗಿರುತ್ತಿತ್ತು.

ಇಂಥ ಬಾಯಿಯನ್ನು ಮುಚ್ಚಿಸಿದವಳು ಅವರ ಮುದ್ದಿನ ಮಗಳೇ. ಮಾವನ ಲ್ಯಾಪ್‌ಟಾಪಿನಲ್ಲಿದ್ದ ಲಿನಕ್ಸ್ ಆವೃತ್ತಿಗೆ ಸುರಕ್ಷತೆಯ ತಿದ್ದುಪಡಿಗಳು ಬರುವುದು ನಿಲ್ಲುವುದರಲ್ಲಿತ್ತು. ಅವಧಿ ಮುಗಿದ ಹಾಲನ್ನಾದರೂ ಕುಡಿದಾಳು, ಅವಧಿ ಮುಗಿದ ಆವೃತ್ತಿಯನ್ನು ನನ್ನ ಹೆಂಡತಿ ಮನೆಯಲ್ಲಿ ಇಟ್ಟುಕೊಳ್ಳುವವಳಲ್ಲ. ಓಡುವ ಗಾಡಿಗೆ ಯಾಕೆ ಕೈ ಹಾಕುತ್ತೀ ಎಂದೆ. ನಿನ್ನಂಥವರಿಂದಲೇ ಜಗತ್ತು ವೈರಸ್ಸಿನ ಬೀಡಾಗಿರುವುದು ಎಂದಳು. ಒಂದು ಭಾನುವಾರ ಬೆಳಿಗ್ಗೆ ಕೂತು ಹೊಸ ಆವೃತ್ತಿ ಏರಿಸಿದಳು. ಇಂತಿಂಥ ಹಳೆಯ ಪ್ಯಾಕೇಜುಗಳಿಗೆ ಇನ್ನು ಜಾಗವಿಲ್ಲ, ತೆಗೆದು ಹಾಕಲೇ ಎಂದು ಯಂತ್ರ ಉದ್ದನೆಯ ಪಟ್ಟಿ ಮುಂದಿಟ್ಟು ಕೇಳಿತು. ಎಲ್ಲ ಬಲ್ಲವರು ಅಂಥ ಪಟ್ಟಿಯನ್ನು ಓದುವುದಿಲ್ಲ. ಹೂಂ ಎಂದಳು.

ಮತ್ತೆ ಲ್ಯಾಪ್‌ಟಾಪು ಎದ್ದಾಗ ಮಾವನ ಬಾಯಿ ಇರಲಿಲ್ಲ. ಹೊಸ ಆವೃತ್ತಿಯ ಭಂಡಾರದಲ್ಲಿ ಹುಡುಕಿದಳು, ಅಲ್ಲೂ ಇರಲಿಲ್ಲ. ಯಾಕೆಂದು ಕೆದಕಿದಾಗ ಕಾರಣ ಸಿಕ್ಕಿತು: ಆ ತಂತ್ರಾಂಶ ನಿಂತಿದ್ದದ್ದು ಯಾರೂ ನೋಡಿಕೊಳ್ಳದ ಒಂದು ಮುದಿ ಲೈಬ್ರರಿಯ ಮೇಲೆ, ಆ ಲೈಬ್ರರಿಯನ್ನೂ ಅದಕ್ಕೆ ಆತುಕೊಂಡ ಸಕಲ ತಂತ್ರಾಂಶಗಳನ್ನೂ ಹೊಸ ಆವೃತ್ತಿಯಿಂದ ಕಿತ್ತುಹಾಕಬೇಕೆಂದು ಯಾರೋ ಸ್ವಯಂಸೇವಕರು ಹಿಂದೆಯೇ ಕೋರಿದ್ದರು. ಕೋರಿಕೆಯನ್ನು ತೆರೆದು ನೋಡಿದರೆ ಕೆಳಗಿದ್ದದ್ದು ಅವಳದೇ ಹೆಸರು. ಅದನ್ನು ಕಳಿಸಿದ ದಿನ ನನಗೂ ಹೇಳಿದ್ದಳು, ಬಹಳ ಕಸ ಗುಡಿಸಿದೆ ಇವತ್ತು ಅಂತ.

ನಾನು ನಕ್ಕೆ. ನಗಬಾರದಿತ್ತು ಎಂದು ಈಗಲೂ ಅನ್ನಿಸಿಲ್ಲ. ಪಶ್ಚಾತ್ತಾಪದ ಕಥೆ ಬೇಕಾದವರು ಬೇರೆ ಅಂಗಡಿ ನೋಡಿಕೊಳ್ಳಬಹುದು.

ಆಮೇಲೆ ಶುರುವಾಯಿತು ಯಾವ ಪ್ಯಾಕೇಜು ಎಂಬ ಚರ್ಚೆ. ಮಾವನ ಮಂಚದ ಆಚೆಗೊಂದು ಈಚೆಗೊಂದು ಕುರ್ಚಿ ಹಾಕಿಕೊಂಡು ಕೂತೆವು. ಹಳೆಯ ಆವೃತ್ತಿಗೇ ಮರಳಿಬಿಡುವ ಮಾತನ್ನು ಅವಳು ಎತ್ತಲೂ ಬಿಡಲಿಲ್ಲ. ಹೆತ್ತಪ್ಪನಿಗೆ ತೂತುಬಿದ್ದ ಛತ್ರಿ ಕೊಡುವುದಾ ಎಂದಳು. ಆ ತಂತ್ರಾಂಶದ ಮೂಲ ಕೋಡನ್ನು ತಂದು, ಹೊಸ ಲೈಬ್ರರಿಗೆ ಹೊಂದುವಂತೆ ತಿದ್ದಿ, ಸರಿಯಾದ ಡೆಬ್ ಕಟ್ಟುತ್ತೇನೆ ಎನ್ನುವುದು ಅವಳ ಹಟ. ನಾನು ಫ್ಲಾಟ್‌ಪ್ಯಾಕ್ ಸಿದ್ಧವಾಗಿಯೇ ಇದೆ, ಇಳಿಸಿಕೊಂಡರಾಯಿತು ಎಂದೆ. ನಿಮ್ಮ ಡಬ್ಬಿಯೊಳಗೆ ಕೂತ ತಂತ್ರಾಂಶಕ್ಕೆ ಅಪ್ಪನ ಕೆನ್ನೆಯ ಸೆನ್ಸರು ಕಾಣುತ್ತದಾ ಎಂದು ಕೇಳಿದಳು. ಅನುಮತಿ ಕೊಟ್ಟರೆ ಕಾಣುತ್ತದೆ ಎಂದೆ. ಹಾಗೆ ಬಾಗಿಲೆಲ್ಲ ತೆರೆದಿಡುವುದಾದರೆ ಡಬ್ಬಿ ಯಾಕೆ, ಅಪ್ಪನ ಮಾತೆಲ್ಲ ಕಲಿತ ನಿಘಂಟು ಹಳೆಯ ಜಾಗದಲ್ಲಿದೆ, ಅದೂ ನಿಮ್ಮ ಡಬ್ಬಿಗೆ ಕಾಣುವುದಿಲ್ಲ ಎಂದಳು. ಆ ನಿಘಂಟು ಹೋದರೆ ಊರಿಗೆ ಉಪಕಾರ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಮೂರನೆಯ ದಾರಿಯೂ ಒಂದಿತ್ತು. ಆ ತಂತ್ರಾಂಶ ಬರೆದವನೇ ತನ್ನ ಪುಟದಲ್ಲಿ ಅದನ್ನು ಆಪ್‌ಇಮೇಜ್ ರೂಪದಲ್ಲೂ ಇಟ್ಟಿದ್ದ. ಅದು ಬುತ್ತಿ ಕಟ್ಟಿಕೊಂಡು ಬಂದ ದಾರಿಹೋಕನಂಥದ್ದು; ಬೇಕಾದ್ದೆಲ್ಲ ಒಂದೇ ಕಡತದಲ್ಲಿ, ಹಾಕುವುದೂ ಬೇಡ ತೆಗೆಯುವುದೂ ಬೇಡ, ಒತ್ತಿದರೆ ಓಡುತ್ತದೆ. ಒಳಗೆ ಮುದಿ ಲೈಬ್ರರಿಯನ್ನೇ ಹೊತ್ತುಕೊಂಡಿದೆ, ಛೀ ಎಂದಳು ಅವಳು. ಬೇಲಿಯೂ ಇಲ್ಲ, ತಾನಾಗಿ ಹೊಸದಾಗುವುದೂ ಇಲ್ಲ, ಛೀ ಎಂದೆ ನಾನು. ಮದುವೆಯಾದ ಮೇಲೆ ನಾವಿಬ್ಬರೂ ಒಪ್ಪಿದ ಮೊದಲ ಸಂಗತಿ ಅದು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮ ಜಗಳದ ನಡುವೆ ಮಲಗಿದ್ದ ಕೂಸಿಗೆ ಎಪ್ಪತ್ತು ದಾಟಿತ್ತು. ಅವರ ಕಣ್ಣು ನನ್ನ ಮುಖದಿಂದ ಅವಳ ಮುಖಕ್ಕೆ, ಅವಳ ಮುಖದಿಂದ ನನ್ನ ಮುಖಕ್ಕೆ ಓಡಾಡುತ್ತಿತ್ತು. ಕೆನ್ನೆ ಒಂದೇ ಸಮನೆ ಅದುರುತ್ತಿತ್ತು. ಸೆನ್ಸರಿನ ಪುಟ್ಟ ಹಸಿರು ದೀಪ ಪ್ರತಿ ಅದುರಿಗೂ ಮಿಣುಕುತ್ತಿತ್ತು, ಅದನ್ನು ಕೇಳಿಸಿಕೊಳ್ಳುವ ತಂತ್ರಾಂಶವೇ ಇರಲಿಲ್ಲ.

ಮನೆ ಮೊದಲೆರಡು ದಿನ ಸೂತಕದ ಮನೆಯಂತಿತ್ತು. ಆಮೇಲೆ ಅತ್ತೆ ಪಾತ್ರೆ ತೊಳೆಯುತ್ತ ಏನೋ ಗುನುಗಿದರು. ಗುನುಗಿ, ಥಟ್ಟನೆ ನಿಲ್ಲಿಸಿ, ಹೊರಕೋಣೆಯ ಕಡೆ ಕಿವಿಗೊಟ್ಟರು. ಏನೂ ಬರಲಿಲ್ಲ. ಮತ್ತೆ ಗುನುಗಿದರು. ವಾರ ಕಳೆಯುವಷ್ಟರಲ್ಲಿ ಕಿಟಕಿಗೆ ಹಳದಿ ಪರದೆ ಬಂತು. ವರ್ಷಗಟ್ಟಲೆ ಈ ಹೊಸ್ತಿಲು ತುಳಿಯದ ಅವರ ತಂಗಿ ಬಂದು ಅದೇ ಹೊರಕೋಣೆಯಲ್ಲಿ, ಮಂಚದ ಪಕ್ಕದಲ್ಲೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕು ಹೋದರು. ಮಾವನ ಮೈ ಒರೆಸುವುದನ್ನೂ ಮಗ್ಗುಲು ಬದಲಿಸುವುದನ್ನೂ ಅತ್ತೆ ಸಿಸ್ಟರ್ ಕೈಯಿಂದ ತಾವೇ ವಹಿಸಿಕೊಂಡರು. ಅವರಿಗೆ ಮಧ್ಯಾಹ್ನದ ನಿದ್ದೆ ಬರತೊಡಗಿತು. ಕೆನ್ನೆ ತುಂಬಿಕೊಂಡಿತು, ಕಣ್ಣ ಕೆಳಗಿನ ಕಪ್ಪು ತಿಳಿಯಾಯಿತು. ಹೆಂಗಸಿಗೆ ಅಷ್ಟು ಚೆಂದದ ಮುಖವಿತ್ತೆಂದು ನನಗೆ ಗೊತ್ತಾದದ್ದೇ ಆಗ.

ಅವರಿಗೆ ಲಿನಕ್ಸಿನ ಮೇಲೆ ಆಸಕ್ತಿಯೂ ಹುಟ್ಟಿತು. ಚರ್ಚೆ ತಣ್ಣಗಾಗುವ ಲಕ್ಷಣ ಕಂಡರೆ ಕಾಫಿ ಲೋಟದೊಂದಿಗೆ ಬಂದು, ಇವಳು ಹೇಳೋದರಲ್ಲಿ ಅಪಾಯ ಏನೂ ಇಲ್ವಾ ಎಂದು ನನ್ನನ್ನು ಕೇಳುತ್ತಿದ್ದರು. ಮಗಳ ಬಳಿ ಹೋಗಿ, ಅಳಿಯಂದಿರ ಡಬ್ಬೀನೇ ಭದ್ರ ಅಂತೆ ಹೌದಾ ಎನ್ನುತ್ತಿದ್ದರು. ಉರಿಯುವ ಒಲೆಗೆ ತುಪ್ಪ ಎಷ್ಟು ಬೇಕೋ ಅಷ್ಟೇ, ಒಂದು ಹನಿ ಹೆಚ್ಚಿಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ನಾನೊಬ್ಬನೇ ಸಿಕ್ಕಾಗ ನೇರವಾಗಿ ಹೇಳಿದರು.

"ಅಳಿಯಂದಿರೇ, ನಿಮ್ದೂ ಸರಿ, ಅವಳ್ದೂ ಸರಿ. ಅವಸರ ಮಾಡ್ಬೇಡಿ. ಇಷ್ಟು ವರ್ಷ ಕೇಳಿದೀವಿ, ಇನ್ನೊಂದಷ್ಟು ದಿನ ಕೇಳದೇ ಇದ್ರೆ ಕಿವಿ ಏನೂ ಉದುರಿ ಹೋಗಲ್ಲ."

ಆಯ್ತು ಅತ್ತೆ ಎಂದೆ. ನನ್ನ ಬಾಯಿಗೆ ಸಕ್ಕರೆ ಹಾಕಿದಷ್ಟು ಸಂತೋಷವಾಯಿತು. ಬೆಳಿಗ್ಗೆ ಏಳುವುದಕ್ಕೆ ಮೊದಲೇ ಬೈಗುಳ ಕೇಳಿಸದ ಮನೆಯಲ್ಲಿ ಹಾಸಿಗೆಯ ಸುಖವೇ ಬೇರೆ.

ಹೆಂಡತಿಗೆ ಇದಾವುದೂ ತಿಳಿಯದು. ಅವಳು ಕಚೇರಿಯಿಂದ ಬಂದವಳೇ ಕೈಕಾಲು ತೊಳೆದು ಲ್ಯಾಪ್‌ಟಾಪಿನ ಮುಂದೆ ಕೂತು ಪ್ರಾಮಾಣಿಕವಾಗಿ ದುಡಿಯುತ್ತಿದ್ದಳು. ಅವಳ ಡೆಬ್ ಸಿದ್ಧವಾಗುವ ಹಂತಕ್ಕೆ ಬಂದಾಗಲೆಲ್ಲ ನಾನು ಅವಳ ಹಿಂದೆ ನಿಂತು, ಪರೀಕ್ಷೆ ಮಾಡದೆ ರೋಗಿಗೆ ಹಾಕುತ್ತೀಯಾ ಎಂದು ಕೇಳುತ್ತಿದ್ದೆ. ಬೇರೆ ಯಂತ್ರದಲ್ಲಿ ಮೊದಲಿನಿಂದ ಕಟ್ಟಿ ನೋಡಿದೆಯಾ, ಲೈಸೆನ್ಸು ಪರಿಶೀಲಿಸಿದೆಯಾ, ಎಚ್ಚರಿಕೆಯ ಸಂದೇಶ ಒಂದೂ ಬರಲಿಲ್ಲ ತಾನೇ? ನಿಷ್ಠೆಯ ಮನುಷ್ಯರ ಜುಟ್ಟು ಸುಲಭವಾಗಿ ಕೈಗೆ ಸಿಗುತ್ತದೆ. ಹೌದಲ್ಲ ಎಂದು ಅವಳು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ಆಸ್ಪತ್ರೆಯವರು ಕೊಟ್ಟ ಅಕ್ಷರದ ಹಲಗೆ ಒಂದು ಮನೆಯಲ್ಲಿತ್ತು. ಯಾರಾದರೂ ಅಕ್ಷರದ ಮೇಲೆ ಬೆರಳು ಜರುಗಿಸುತ್ತ ಹೋಗಬೇಕು, ಬೇಕಾದ್ದರ ಮೇಲೆ ಬಂದಾಗ ರೋಗಿ ಕಣ್ಣು ಮಿಟುಕಿಸಬೇಕು. ಲ್ಯಾಪ್‌ಟಾಪು ಬಂದ ಹೊಸದರಲ್ಲಿ ಮಾವ ಅದನ್ನು ಅಟ್ಟಕ್ಕೆ ಎಸೆಸಿದ್ದರು, ನಾನೇನು ಒಂದನೇ ಕ್ಲಾಸಾ ಎಂದು. ಮಗಳು ಅದನ್ನು ಇಳಿಸಿ, ಧೂಳು ಒರೆಸಿ, ಹಗಲಲ್ಲಿ ಅಪ್ಪನ ಜೊತೆ ಇದರಲ್ಲಿ ಮಾತಾಡಮ್ಮಾ ಎಂದು ತಾಯಿಗೆ ಕೊಟ್ಟಳು. ಅತ್ತೆ ಮಾತಾಡಿದರು. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಬೆರಳು ಒಂದು ಅಕ್ಷರದ ಮೇಲೆ ಇರುತ್ತದೆ, ಮಾವ ಮಿಟುಕಿಸುತ್ತಾರೆ, ಅಷ್ಟರಲ್ಲಿ ಬೆರಳು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ. ಇದಾ? ಇದಲ್ವಾ? ಹಾಗಾದ್ರೆ ಇದಾ? ಅವಸರವಿಲ್ಲ, ಸಿಟ್ಟಿಲ್ಲ, ದನಿಯಲ್ಲಿ ಅಕ್ಕರೆಯೇ ಅಕ್ಕರೆ. 'ಸೊ' ಎಂದು ಮಿಟುಕಿಸಿದ್ದು 'ಹ' ಆಯಿತು, 'ಟ' ಎಂದದ್ದು 'ಡ' ಆಯಿತು. ಹಾಡಾ, ಹಾಡು ಬೇಕಾ ನಿಮಗೆ ಎಂದು ಅತ್ತೆ ಎದ್ದುಹೋಗಿ ರೇಡಿಯೊ ಹಚ್ಚಿದರು. ಮಾವನ ಕಣ್ಣು ನನ್ನ ಮೇಲೆ ಬಿತ್ತು. ನಾನು ಗೋಡೆಯ ಮೇಲಿದ್ದ ರಸ್ತೆಚಿಹ್ನೆಗಳ ಹಳೆಯ ಚಾರ್ಟನ್ನು ನೋಡತೊಡಗಿದೆ. ಆ ಕೋಣೆ ಹಿಂದೆ ಡ್ರೈವಿಂಗ್ ಸ್ಕೂಲಿನ ಕಚೇರಿಯಾಗಿತ್ತು.

ಹೀಗೆಯೇ ಹೋಗುತ್ತಿತ್ತೇನೋ, ಸಿಸ್ಟರ್ ಕೈ ಹಾಕದಿದ್ದರೆ. ಅತ್ತೆ ಮಲಗಿದ್ದ ಒಂದು ಮಧ್ಯಾಹ್ನ ಅವರು ಹಲಗೆ ಎತ್ತಿಕೊಂಡು ಮಂಚದ ಅಂಚಿಗೆ ಕೂತರು. ಎಮ್ಮೆ ಎನ್ನಿಸಿಕೊಂಡ ಹೆಂಗಸಿಗೆ ಈ ಕರುಣೆ ಎಲ್ಲಿಂದ ಬಂತೋ. ಒಂದೊಂದು ಅಕ್ಷರಕ್ಕೂ ಬೆರಳನ್ನು ಊರಿ, ಕಾದು, ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ಒಂದೇ ಒಂದು ಪದ ಕೂಡಿಸುವಷ್ಟರಲ್ಲಿ ಮಾವನ ಕಣ್ಣು ಸೋತು ಮುಚ್ಚಿತು. ಸಂಜೆ ನನ್ನ ಹೆಂಡತಿ ಚಪ್ಪಲಿ ಬಿಡುವುದನ್ನೇ ಕಾದಿದ್ದು ಸಿಸ್ಟರ್ ಹೇಳಿದರು.

"ಇವತ್ತು ಅವರು ಒಂದು ಮಾತು ಹೇಳಿದ್ರು. ಯಾವುದಾದರೂ ಅಂದ್ರು."

ಅತ್ತೆ ಒಳಗಿನಿಂದ ಬಂದು, ಯಾವುದಾದರೂ ಅಂದರೆ ಹೊದಿಕೆ ಇರಬೇಕು, ಈ ಕಂಬಳಿ ಚುಚ್ಚುತ್ತೆ ಅವರಿಗೆ, ಬೇರೆ ಯಾವುದಾದರೂ ಕೊಡಿ ಅಂತಿರಬೇಕು ಎಂದರು. ಸಿಸ್ಟರ್ ತಲೆಯಾಡಿಸಿದರು.

"ಅಲ್ಲಮ್ಮಾ. ಅವರ ಕಣ್ಣು ಕಂಪ್ಯೂಟರ್ ಮೇಲಿತ್ತು."

ಮರುದಿನದಿಂದ ಸಿಸ್ಟರ್ ಬೆಳಿಗ್ಗೆ ಕೊಳವೆಯಲ್ಲಿ ಊಟ ಇಳಿಸುವುದಕ್ಕಷ್ಟೇ ಬಂದರೆ ಸಾಕು ಎಂದು ಅತ್ತೆ ಗೊತ್ತುಮಾಡಿದರು. ಪಾಪ, ದಿನವೆಲ್ಲ ನಿಂತು ನಿಂತು ಅವಳ ಮಂಡಿ ನೋಯುತ್ತದಂತೆ. ಆದರೆ ಆಡಿದ ಮಾತು ಆಡಿಯಾಗಿತ್ತು. ಹೋಟೆಲಿನಲ್ಲಿ ಕಾಫಿಯನ್ನು ಎರಡು ಸಲ ವಾಪಸು ಕಳಿಸಿ ಮೂರನೆಯದಕ್ಕೂ ಮುಖ ಕಿವುಚುವ ಮನುಷ್ಯ ಮಾವ; ಬದುಕಿನಲ್ಲಿ ಒಮ್ಮೆಯೂ ಯಾವುದಾದರೂ ಆದೀತು ಎಂದವರಲ್ಲ. ಅದು ನನ್ನ ಹೆಂಡತಿಗೆ ನಾಟಿತು. ಅವತ್ತು ಅವಳು ಊಟ ಮಾಡಲಿಲ್ಲ. ನಾವು ಇಷ್ಟು ದಿನ ಅಪ್ಪನ ಮೈಮೇಲೆ ಕೂತು ಚದುರಂಗ ಆಡಿದೆವಲ್ಲ ಎಂದು ಅತ್ತಳು. ನಾವು ಎಂದು ನನ್ನನ್ನೂ ಸೇರಿಸಿಕೊಂಡಳು, ದೊಡ್ಡ ಮನಸ್ಸು.

ಬೆಳಿಗ್ಗೆ ರಜೆ ಹಾಕಿದಳು. ಊಟದ ಮೇಜಿನ ಮೇಲೆ ತನ್ನ ಕಂಪ್ಯೂಟರು ತೆರೆದು, ನಾವಿಬ್ಬರೂ ಛೀ ಎಂದಿದ್ದ ಆಪ್‌ಇಮೇಜನ್ನು ಇಳಿಸಿಕೊಂಡಳು. ಮುದಿ ಲೈಬ್ರರಿ ಇದೆ ಅದರಲ್ಲಿ, ನಿನ್ನ ಸುರಕ್ಷತೆ ಎಲ್ಲಿ ಹೋಯಿತು ಎಂದು ಕೇಳಿದೆ.

"ನೀನು ಬಾಯ್ಮುಚ್ಚು," ಎಂದಳು.

ಒಂದು ಕಡತ. ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಹೋಗಿ ಮಾವನ ಲ್ಯಾಪ್‌ಟಾಪಿಗೆ ಹಾಕಿ, ಓಡಲು ಅನುಮತಿ ಕೊಟ್ಟು, ಒತ್ತಿದಳು. ಬೇಲಿ ಇಲ್ಲದ್ದರಿಂದ ಹಳೆಯ ಜಾಗದಲ್ಲಿದ್ದ ನಿಘಂಟು ತಾನಾಗಿ ಸಿಕ್ಕಿತು. ಸೆನ್ಸರನ್ನೂ ಗುರುತಿಸಿತು. ಬಿಸಿ ಮಾಡಲು ಇಟ್ಟ ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ. ಪರೀಕ್ಷೆ, ಪರೀಕ್ಷೆ ಎಂದು ಜೇನಿನ ದನಿ ಕೋಣೆಯಲ್ಲಿ ಹೇಳಿದ ಕೂಡಲೇ ಮಾವನ ಎರಡೂ ಕಣ್ಣಿನಿಂದ ನೀರು ಇಳಿದು ಕಿವಿಯೊಳಕ್ಕೆ ಹೋಯಿತು. ಅವಳು ಸೆರಗಿನಿಂದ ಒರೆಸಿ, ಪರದೆಯನ್ನು ಅವರ ಮುಖಕ್ಕೆ ಸರಿಮಾಡಿ, ಮಂಚಕ್ಕೆ ಆತುಕೊಂಡು ನಿಂತಳು.

"ಮಾತಾಡಪ್ಪ," ಎಂದಳು.

ದನಿ ಕೇಳಿ ಅತ್ತೆ ಒದ್ದೆ ಟವೆಲು ಹಿಡಿದುಕೊಂಡೇ ಬಂದರು. ನಾನು ಬಾಗಿಲಲ್ಲಿದ್ದೆ. ಅಕ್ಷರಗಳು ಬೆಳಗುತ್ತ ಹೋದವು, ಕೆನ್ನೆ ಅದುರಿತು, ನಿಂತಿತು, ಅದುರಿತು. ಊಹೆಯ ಸಾಲಿನಲ್ಲಿ ಹಳೆಯ ಸೇವಕರಂತೆ ಯೋಗ್ಯತೆ, ದಂಡ, ಸೀದಿದೆ ಎಲ್ಲ ಬಂದು ನಿಂತಿರಬೇಕು. ಮಾವ ಒಂದನ್ನೂ ಮುಟ್ಟುತ್ತಿಲ್ಲ ಎನ್ನುವುದು ಕೆನ್ನೆ ಅದುರುವ ಲೆಕ್ಕದಲ್ಲೇ ತಿಳಿಯುತ್ತಿತ್ತು. ಪೂರ್ತಿ ಅಕ್ಷರ ಅಕ್ಷರವಾಗಿಯೇ ಬರೆದರು. ನಮಗೆ ಯಾರಿಗೂ ಪರದೆ ಕಾಣುತ್ತಿರಲಿಲ್ಲ. ಅವರ ಮುಖ ಮಾತ್ರ ಕಾಣುತ್ತಿತ್ತು. ಬಹಳ ಹೊತ್ತಾಯಿತು. ನನ್ನ ಹೆಂಡತಿ ಅಪ್ಪನ ಹಣೆಯ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ಕೊನೆಗೆ ಜೇನಿನ ದನಿ ಓದಿತು.

"ಸೊಂಟದ ಕೆಳಗೆ ಹುಣ್ಣಾಗಿ ಉರಿಯುತ್ತಿದೆ ಎಂದು ಹೇಳಲು ಹೋದೆ. ನಿಮ್ಮಮ್ಮ ಬೇಕೆಂದೇ ಬೆರಳು ಮುಂದಕ್ಕೆ ಸರಿಸಿದಳು. ಪ್ರತಿ ದಿನ ಸರಿಸಿದಳು. ಡಬ್ಬಿ ನಿಂತು ನೋಡಿದ."

ಬೈಗುಳ ಒಂದೂ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಹೆಂಡತಿ ತಿರುಗಿ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಅವಳಿಗೆ ಬೇಕಾದ ಉತ್ತರ ಬೇಗ ಸಿಕ್ಕಿರಬೇಕು, ಹೆಚ್ಚು ಹೊತ್ತು ನೋಡಲಿಲ್ಲ. ಆಮೇಲೆ ತಾಯಿಯ ಕಡೆ ತಿರುಗಿದಳು. ಅತ್ತೆ ಟವೆಲು ಹಿಂಡಿಕೊಂಡು ನಿಂತಿದ್ದರು, ಕೈಯಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಬೀಳುತ್ತಿತ್ತು. ಅವರ ಮುಖ ನಮ್ಮ ಕಣ್ಣೆದುರಿಗೇ ಇಳಿಯತೊಡಗಿತು. ಈ ಕೆಲವು ವಾರಗಳಲ್ಲಿ ತುಂಬಿಕೊಂಡಿದ್ದ ಕೆನ್ನೆ, ತಿಳಿಯಾಗಿದ್ದ ಕಣ್ಣು, ಎಲ್ಲ ಹೋಗಿ, ಮೊದಲಿದ್ದ ಮುಖ ಬಂದು ಕೂತಿತು; ಮುಂದಿನ ಮಾತು ಎತ್ತಲಿಂದ ಬಂದು ಬಡಿಯುತ್ತದೋ ಎಂದು ಕುತ್ತಿಗೆ ಒಳಗೆಳೆದುಕೊಂಡ ಮುಖ. ನನ್ನ ಹೆಂಡತಿ ಹುಟ್ಟಿದಾಗಿನಿಂದ ನೋಡಿದ ಮುಖ ಅದೇ.

ಮಾವನ ಕೆನ್ನೆ ಮತ್ತೆ ಅದುರಲು ಶುರುವಾಗಿತ್ತು. ಹೇಳುವುದು ಇನ್ನೂ ಬೇಕಾದಷ್ಟಿತ್ತು ಅವರಿಗೆ. ಹೆಂಡತಿ ಕೈ ನೀಡಿ ತಂತ್ರಾಂಶವನ್ನು ಮುಚ್ಚಿದಳು. ಪರದೆ ಖಾಲಿಯಾಯಿತು.

"ಪದ ಊಹಿಸೋದು ಕೆಟ್ಟಿದೆ," ಎಂದಳು. "ಏನೇನೋ ಹೇಳ್ತಿದೆ. ಇನ್ನೂ ಸರಿಯಾಗಿಲ್ಲಪ್ಪ."

ಮಾವನ ಕಣ್ಣು ಅವಳ ಮುಖದ ಮೇಲೆ ನಿಂತಿತು. ಆ ಕಣ್ಣು ನನ್ನನ್ನು ನೋಡಿದ್ದರೆ ನಾನು ಅಲ್ಲಿ ನಿಲ್ಲುತ್ತಿರಲಿಲ್ಲ. ಅವಳು ನಿಂತಳು. ಕಪಾಟಿನಿಂದ ಮುಲಾಮು, ಹತ್ತಿ, ಬಿಸಿನೀರಿನ ಬಟ್ಟಲು ತಂದು, ಅಪ್ಪನನ್ನು ನಿಧಾನವಾಗಿ ಎಡಮಗ್ಗುಲಿಗೆ ಹೊರಳಿಸಿ, ಹುಡುಕುವ ಗೋಜಿಲ್ಲದೆ ನೇರವಾಗಿ ಸೊಂಟದ ಕೆಳಗಿನ ಹುಣ್ಣಿಗೇ ಕೈ ಹಾಕಿದಳು. ಅಂಗೈ ಅಗಲ ಕೊಳೆತಿತ್ತು. ತೊಳೆದಳು, ಒರೆಸಿದಳು, ಮುಲಾಮು ಹಚ್ಚಿದಳು. ಕೂಸಿಗೆ ಹೇಳುವ ಹಾಗೆ, ಆಯ್ತು, ಆಯ್ತು, ಇನ್ನೇನು ಆಯ್ತು ಎನ್ನುತ್ತಿದ್ದಳು. ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದಾಳೆ ಎನ್ನುವುದು ಕೋಣೆಯಲ್ಲಿದ್ದ ಉಳಿದ ಮೂವರಿಗೂ ಆಗ ಗೊತ್ತಾಯಿತು.

ಮತ್ತೆ ಅಂಗಾತ ಮಲಗಿಸಿ, ಹೊದಿಕೆ ಎಳೆದು, ಕೈ ತೊಳೆದುಕೊಂಡು ಬಂದಳು. ಆಪ್‌ಇಮೇಜಿನ ಕಡತವನ್ನು ಲ್ಯಾಪ್‌ಟಾಪಿನಿಂದ ಅಳಿಸಿದಳು. ಅಮ್ಮನಿಗೆ, ನೀನು ಹೋಗಿ ಸ್ವಲ್ಪ ಮಲಗು ಎಂದಳು. ಅತ್ತೆ ಹೋದರು. ಆಮೇಲೆ ಮಂಚದ ಆಚೆಗಿದ್ದ ತನ್ನ ಕುರ್ಚಿಯನ್ನು ಎಳೆದು ಕೂತು, ಈಚೆಗಿದ್ದ ನನ್ನ ಕುರ್ಚಿಯನ್ನು ಕಣ್ಣಲ್ಲೇ ತೋರಿಸಿದಳು. ನಾನು ಕೂತೆ. ಅಪ್ಪನಿಗೆ ಸ್ಪಷ್ಟವಾಗಿ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಅವಳು ಮಾತು ತೆಗೆದಳು.

"ನಿನ್ನ ಡಬ್ಬೀಲಿ ಈ ಸೆನ್ಸರಿಗೆ ಅನುಮತಿ ಹೇಗೆ ಕೊಡೋದು ಅಂದೆ? ಮೊದಲಿಂದ ಹೇಳು. ನಂಗೇನೂ ಅವಸರ ಇಲ್ಲ."

ನಾನು ಮೊದಲಿನಿಂದ ವಿವರಿಸತೊಡಗಿದೆ.